ನಡುವಿನ ಜೋಡಿ

ಕಡಾಯಿಯೊಳಗಿನ ಮರಳು ಕಾದು ಶೇಂಗಾಕಾಯಿ ಚಟಚಟ ಅನ್ನಲಿಕ್ಕೆ ಹತ್ತಿದ್ದವು. ಸಾವಿತ್ರೆವ್ವ ಒಂದು ಕೈಯಿಂದ ಸೌಟು ಆಡಿಸುತ್ತ, ಇನ್ನೊಂದು ಕೈಯಿಂದ ಕಣ್ಣಿಗೆ ಬರುವ ಹೊಗೆಯನ್ನು ಸೆರಗಿನಿಂದ ಹೊಡೆಯುತ್ತ ಒಲೆಯ ಮುಂದೆ ಕೂತಿದ್ದಳು. ಮರುದಿನ ನಾಗರಪಂಚಮಿ. ಪಂಚಮಿಯ ದಿವಸ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಈಳಿಗೆ ಮುಟ್ಟುವಂತಿಲ್ಲ, ನೆಲ ಅಗಿಯುವಂತಿಲ್ಲ. ಹುರಿಯುವುದು, ರೊಟ್ಟಿ ಬಡಿಯುವುದು, ಉಂಡಿ ಕಟ್ಟುವುದು ಎಲ್ಲ ಮೊದಲೇ ಮುಗಿಯಬೇಕು. ಯರಗುಪ್ಪಿಯ ಹೆಣ್ಣುಮಕ್ಕಳ ಕೈ ಖಾಲಿ ಇರುವ ದಿನ ವರ್ಷದಲ್ಲಿ ಅದೊಂದೇ. ಆ ಖಾಲಿ ಕೈಯಲ್ಲಿ ಅವರು ಇಸ್ಪೀಟು ಹಿಡಿಯುತ್ತಿದ್ದರು.

“ಹೊತ್ತಸಬ್ಯಾಡಬೇ ಸಾವಿತ್ರಿ!” ಅತ್ತೆ ಶಿವಗಂಗವ್ವನ ದನಿ ಬೆನ್ನ ಹಿಂದೆಯೇ ಬಂತು. ಆಕೆಯ ಮಂಚ ಅಡಿಗೆಮನೆಯ ಬಾಗಿಲಿಗೆ ಅಡ್ಡ ಇತ್ತು. “ನಾಳಿಗೆ ಅವು ನನ್ನ ದಂಡು. ಕರ್ರಗಾದ ದಂಡು ನಾ ಕೈಯಾಗ ಹಿಡಿಯಂಗಿಲ್ಲ.”

“ಹಿಡದು ಏನ ಮಾಡತೀರಿ ಅತ್ತಿ? ತಿನ್ನಾಕಂತೂ ನಿಮಗ ಹಲ್ಲಿಲ್ಲ.”

ಹಾಗೆ ಅಂದು ನಕ್ಕ ಸಾವಿತ್ರೆವ್ವನ ಸೌಟು ತಟಕ್ಕನೆ ನಿಂತಿತು. ಹಲ್ಲಿಲ್ಲ! ಅಯ್ಯ ಶಿವನೇ, ಇಷ್ಟು ವರ್ಷ ಇದು ತನಗೆ ಹೊಳೆಯಲೇ ಇಲ್ಲವಲ್ಲ!

ರೊಕ್ಕ ಇಟ್ಟು ಆಡುವುದು ಗಂಡಸರ ಆಟ. ಈ ಮನೆಯ ಹೆಂಗಸರು ಶೇಂಗಾಕಾಯಿ ಇಟ್ಟು ಆಡುತ್ತಿದ್ದರು. ತಲೆಗೊಂದು ತಂಬಿಗೆ ತುಂಬ ಕಾಯಿ. ಕಾಯಿ ಖಾಲಿಯಾದವರು ಎದ್ದು ಹೋಗಿ ಜೋಕಾಲಿಯಲ್ಲಿ ಕೂಡ್ರಬೇಕು, ಕಡೆಗೆ ಉಳಿದವರು ಗೆದ್ದ ಹಾಗೆ. ಆದರೆ ಬಿಸಿಬಿಸಿ ಹುರಿದ ಶೇಂಗಾ ಎದುರಿಗೆ ಇಟ್ಟುಕೊಂಡು ಸುಮ್ಮನೆ ಕೂಡ್ರುವುದು ಯಾರಿಂದ ಸಾಧ್ಯ? ಎಲೆ ನೋಡುತ್ತ ಒಂದು, ನಗುತ್ತ ಒಂದು, ಸಿಟ್ಟಿಗೆದ್ದು ಎರಡು, ಹೀಗೆ ಎಲ್ಲರೂ ತಮ್ಮ ತಮ್ಮ ದೌಲತ್ತನ್ನು ತಾವೇ ತಿಂದು ಮುಗಿಸುತ್ತಿದ್ದರು. ಬೊಚ್ಚುಬಾಯಿಯ ಶಿವಗಂಗವ್ವನ ಗುಡ್ಡೆ ಮಾತ್ರ ಇದ್ದಂತೆ ಇರುತ್ತಿತ್ತು. ಪ್ರತಿ ವರ್ಷವೂ ಆಕೆಯೇ ಗೆಲ್ಲುತ್ತಿದ್ದಳು.

ಗೆದ್ದವರಿಗೆ ಸಿಗುತ್ತಿದ್ದದ್ದು ಶೇಂಗಾ ಅಲ್ಲ, ಒಂದು ಮಾತು. ಪಂಚಮಿ ಗೆದ್ದಾಕೆ ಏನು ಹೇಳಿದರೂ ಮುಂದಿನ ಪಂಚಮಿಯ ತನಕ ಮನೆಯಲ್ಲಿ ಯಾರೂ ಅದನ್ನು ಮುರಿಯುವಂತಿಲ್ಲ, ಗಂಡಸರು ಕೂಡ. ಶಿವಗಂಗವ್ವನ ಅತ್ತೆ ಹಾಕಿಕೊಟ್ಟ ಪದ್ಧತಿ ಅದು. ಒಂದು ವರ್ಷ ಶಿವಗಂಗವ್ವ ಹಾಲು ಕೊಡದ ಎಮ್ಮೆಯನ್ನು ಮಾರಕೂಡದು ಅಂದಳು. ಆ ಎಮ್ಮೆ ಇನ್ನೂ ಹಿತ್ತಲಲ್ಲಿ ಮಹಾರಾಣಿಯ ಹಾಗೆ ಮೇಯುತ್ತಿತ್ತು. ಹೋದ ವರ್ಷ, ತನ್ನ ಮಂಚವನ್ನು ಅಡಿಗೆಮನೆಯ ಬಾಗಿಲಿಗೇ ಹಾಕಬೇಕು ಅಂದಳು. ಅವತ್ತಿನಿಂದ ಇಡೀ ಮನೆ ಆಕೆಯ ಕಾಲು ದಾಟಿಯೇ ಉಣ್ಣಲಿಕ್ಕೆ ಹೋಗುತ್ತಿತ್ತು.

ಈ ವರ್ಷ ಸಾವಿತ್ರೆವ್ವನಿಗೆ ಆ ಮಾತು ಬೇಕಾಗಿತ್ತು. ಎಂಬತ್ತೈದನೆಯ ಇಸವಿಗೆ ಆಕೆಯ ತಲೆಯಲ್ಲಿ ನಾಲ್ಕು ಬಿಳಿಕೂದಲು ಬಂದಿದ್ದವು. ಅಷ್ಟಾದರೂ ಆಕೆ ರೈಲು ಹತ್ತಿರಲಿಲ್ಲ. ಕುಂದಗೋಳದ ಸಂತೆಗೆ ಹೋದಾಗ ರೈಲು ಬರುವುದನ್ನೂ ಹೋಗುವುದನ್ನೂ ನಿಂತು ನೋಡಿದ್ದು ಅಷ್ಟೇ. ತವರೂರು ಅಣ್ಣಿಗೇರಿಯಲ್ಲಿ ಆಕೆಯ ಜೊತೆ ಲಂಗ ಹಾಕಿಕೊಂಡು ಕುಂಟಾಟ ಆಡಿದ ಜಮೀಲಾಬಿ ಈಗ ಅಳ್ನಾವರದಲ್ಲಿದ್ದಳು. ಆಕೆಯ ಗಂಡ ಮೀರಾಸಾಬನಿಗೆ ರೈಲ್ವೆಯಲ್ಲಿ ಕೆಲಸ. ಮಳೆಗಾಲ ಬಂತೆಂದರೆ ಜಮೀಲಾಬಿಯ ಕಾಗದ ಬರುತ್ತಿತ್ತು: “ನಿನಗ ಪಂಚಮಿ ಕರಿಯಾಕ ಬರಲಿಕ್ಕೆ ಅಣ್ಣತಮ್ಮರಿಲ್ಲ ಅಂತ ಗೊತ್ತೈತಿ. ಅಳ್ನಾವರಾನ ನಿನ್ನ ತವರಮನಿ ಅಂತ ತಿಳಕೊ. ಬಾ. ರೈಲಿನ್ಯಾಗ ಕುಂತು ಗೋವಾದ ದಾರಿಯ ಕಾಡಿನ್ಯಾಗ ಹಾಲಿನಂಗ ನೀರು ಬೀಳೂದ ನೋಡಿಕೊಂಡು ಬರೂಣು. ಕಿಡಕಿ ಬಾಜು ನಿನಗ.”

ಅದಕ್ಕೆ ಉತ್ತರ ಬರೆಯಲೆಂದು ಸಾವಿತ್ರೆವ್ವ ಒಂದು ಇನ್‌ಲ್ಯಾಂಡ್ ಕಾಗದ ತಂದು, ಮೇಲೆ ವಿಳಾಸ ಬರೆದು, ಒಳಗೆ ಖಾಲಿ ಬಿಟ್ಟು ಮಳೆಗಾಲಗಳೇ ಕಳೆದಿದ್ದವು. ಬರುತ್ತೇನೆ ಅನ್ನಲಿಕ್ಕೆ ಅತ್ತೆ ಬಿಡಲಿಲ್ಲ, ಬರುವುದಿಲ್ಲ ಅನ್ನಲಿಕ್ಕೆ ತನ್ನ ಮನಸ್ಸು ಬಿಡಲಿಲ್ಲ. ಶಿವಗಂಗವ್ವ ಬ್ಯಾಡ ಅಂತ ಒಮ್ಮೆಯೂ ಅಂದವಳಲ್ಲ. “ನೋಡೂಣು, ಬಿತ್ತಿಗಿ ಮುಗೀಲಿ,” ಅನ್ನುತ್ತಿದ್ದಳು. ಬಿತ್ತಿಗೆ ಮುಗಿದರೆ ಕಳೆ, ಕಳೆ ಮುಗಿದರೆ ಹತ್ತಿ, ಹತ್ತಿ ಮುಗಿದರೆ ಆಕೆಯ ಸೊಂಟ. ನಿಜ ಸಂಗತಿ ಎಲ್ಲರಿಗೂ ಗೊತ್ತಿತ್ತು. ವಸಡಿನಿಂದ ತಿನ್ನುವಷ್ಟು ತೆಳ್ಳಗೆ, ಹೂವಿನ ಹಾಗೆ ರೊಟ್ಟಿ ಬಡಿಯುವ ಕೈ ಆ ಮನೆಯಲ್ಲಿ ಒಂದೇ ಇತ್ತು.

ಮರುದಿನ ಹುತ್ತಕ್ಕೆ ಹಾಲು ಎರೆದು ಬಂದು, ಉಂಡಿ ತಿಂದು, ಪಡಸಾಲೆಯಲ್ಲಿ ಚಾಪೆ ಹಾಸಿದರು. ಸಾವಿತ್ರೆವ್ವ ಕೂಡ್ರುವ ಮೊದಲೇ ಎರಡು ಲವಂಗ ಬಾಯಿಗೆ ಹಾಕಿ ದವಡೆಗೆ ಒತ್ತಿ ಹಿಡಿದಳು. ಇವತ್ತು ಒಂದು ಶೇಂಗಾ ಕೂಡ ಒಳಗೆ ಹೋಗಕೂಡದು.

ಆಡುವವರು ನಾಲ್ವರು. ಅತ್ತೆ, ಸಾವಿತ್ರೆವ್ವ, ಕಲಘಟಗಿಯಿಂದ ಪಂಚಮಿಗೆ ತವರಿಗೆ ಬಂದ ಆಕೆಯ ಮಗಳು ನೀಲಕ್ಕ, ಮತ್ತೆ ಬಾಜು ಮನೆಯ ಮಾಸ್ತರರ ಹೆಂಡತಿ ಭೀಮಾಬಾಯಿ. ಭೀಮಾಬಾಯಿ ಬೇರೆಯವರ ಮನೆಯಲ್ಲಿ ನೀರು ಸುದ್ಧಾ ಮುಟ್ಟುವವಳಲ್ಲ. ಆದರೆ ಶೇಂಗಾದ ವಿಷಯವೇ ಬೇರೆ.

“ಅದಕ್ಕ ಸಿಪ್ಪಿ ಅದಲ್ರೀ ಶಿವಗಂಗಾಬಾಯಿ, ಮೈಲಿಗಿ ಒಳಗ ಹ್ಯಾಂಗ ಹೋಗ್ತದ?” ಅನ್ನುತ್ತ ಆಕೆ ಕೂಡ್ರುವ ಮೊದಲೇ ಮೂರು ಕಾಯಿ ಒಡೆದಿದ್ದಳು.

ನೀಲಕ್ಕ ಎಲೆ ಕಲಸಿ, ಕತ್ತರಿಸಲಿಕ್ಕೆ ಅಂತ ಅಜ್ಜಿಯ ಮುಂದೆ ಇಟ್ಟಳು.

“ಇವತ್ತ ಏನೂ ಕತ್ತರಸಬಾರದು. ಬದನಿಕಾಯಿನೂ ಇಲ್ಲ, ಇಸ್ಪೀಟ ಎಲಿನೂ ಇಲ್ಲ. ಸುಮ್ಮನ ಹಂಚಬೇ.”

“ಆಯಿ, ನಾಗಪ್ಪ ಇಸ್ಪೀಟನ್ಯಾಗ ಇರತಾನೇನ?”

“ನಿನ್ನಂಥಾಕಿ ಹಂಚಿದ್ರ ಇರತಾನ. ಹಂಚು.”

ಆಟ ಜಮೀಲಾಬಿ ಕಲಿಸಿದ್ದು. ಯಾವುದೋ ಹಡಗಿನ ಮೇಲಿಂದ ಗೋವಾಕ್ಕೆ ಬಂದು, ಅಲ್ಲಿಂದ ರೈಲಿನಲ್ಲಿ ಅಳ್ನಾವರಕ್ಕೆ ಬಂದ ಆಟ ಅದು. ಒಮ್ಮೆ ಯರಗುಪ್ಪಿಗೆ ಬಂದಾಗ ಅತ್ತೆಯ ಎದುರಿಗೆ ಇದೇ ಚಾಪೆಯ ಮೇಲೆ ಕೂತು ಆಕೆ ಕಲಿಸಿ ಹೋದ ಮೇಲೆ ಹಳೆಯ ಮೂರೆಲೆ ಆಟ ಮೂಲೆ ಸೇರಿತ್ತು. ತಲೆಗೆ ಎರಡು ಎಲೆ. ಅದನ್ನು ನೋಡಿ, ಆಡುವವರು ಶೇಂಗಾ ನೂಕಬೇಕು, ಬ್ಯಾಡ ಅನ್ನುವವರು ಎಲೆ ಒಗೆಯಬೇಕು. ಆಮೇಲೆ ಚಾಪೆಯ ಮೇಲೆ ಮೂರು ಎಲೆ ತೆರೆಯುತ್ತಾರೆ. ಆ ಮೂರು ಎಲ್ಲರವು. ತಮ್ಮ ಎರಡಕ್ಕೆ ಆ ಮೂರು ಕೂಡಿಸಿ ಯಾರದು ದೊಡ್ಡ ಜೋಡಿಯೋ ಅವರು ಗೆದ್ದಂತೆ. ಒಂದೇ ಥರದ ಮೂರು ಎಲೆ ಕೂಡಿದರೆ ಅದು ಯಾವ ಜೋಡಿಗಿಂತಲೂ ದೊಡ್ಡದು.

ಒಲೆಯ ಮುಂದೆ ಕೂತು ಜಮೀಲಾಬಿ ಸಾವಿತ್ರೆವ್ವನಿಗೆ ಮೆಲ್ಲಗೆ ಹೇಳಿದ್ದ ಮಾತು ಬೇರೆ ಇತ್ತು. “ರಾಜಾ ಜೋಡಿ, ಎಕ್ಕಾ ಜೋಡಿ ಅತ್ತಿ ಇದ್ದಂಗ. ಎಲ್ಲಿ ಕುಂತ್ರೂ ಅಕಿದ ನಡೀತೈತಿ. ಎರಡು, ಮೂರರ ಜೋಡಿ ಕೂಸು ಇದ್ದಂಗ, ಮಲಗಿದ್ರ ಛಲೋ. ಏಳು, ಎಂಟು, ಒಂಬತ್ತು, ಈ ನಡುವಿನ ಜೋಡಿ ನೋಡು, ಅವು ನಿನ್ನಂಥ ನನ್ನಂಥ ಸೊಸೆಂದ್ರು. ಮನಿ ತುಂಬ ಮಂದಿ ಇದ್ದಾಗ, ಹಿರಿಯರು ಮಾತು ಎತ್ತಿದ ಮ್ಯಾಲ ನಡುವ ಬಾಯಿ ಹಾಕಿದ್ರ ಬೈಸಿಕೋತಾವ. ಆವಾಗ ಸುಮ್ಮನ ಎಲಿ ಒಗಿ. ಮಂದಿ ಕಡಿಮಿ ಆದಾಗ ಮಾತ್ರ, ಚಾಪಿ ಮ್ಯಾಲ ಎಲಿ ತೆರಿಯೂದರಾಗ, ಮೊದಲ ನೀನ ಬಾಯಿ ತೆರಿ. ಪೂರ್ತಿ ತೆರಿ. ಅರ್ಧ ತೆರದಾಕಿ ಕೆಡತಾಳ.”

ಇಬ್ಬರೂ ಅವತ್ತು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು.

ಆಟ ಬಿಸಿಯೇರುವಷ್ಟರಲ್ಲಿ ಸಾವಿತ್ರೆವ್ವನ ಕೈಗೆ ಒಂಬತ್ತರ ಜೋಡಿ ಬಂತು. ಆದರೆ ಆಕೆ ಬಾಯಿ ತೆರೆಯುವ ಮೊದಲೇ ನೀಲಕ್ಕ ಒಂದು ಬೊಗಸೆ ನೂಕಿದಳು. ಅದರ ಮೇಲೆ ಅತ್ತೆ, ಕಣ್ಣು ಕೂಡ ಮಿಟುಕಿಸದೆ, ತನ್ನ ಅರ್ಧ ಗುಡ್ಡೆಯನ್ನೇ ಮೊಣಕೈಯಿಂದ ಮುಂದೆ ಸರಿಸಿದಳು.

“ಏನವ್ವ, ಆಡತೀಯೋ, ಒಲೀಗೆ ಹೋಗತೀಯೋ?”

ಮನೆ ತುಂಬ ಮಂದಿ. ಹಿರಿಯರು ಮಾತೆತ್ತಿ ಆಗಿದೆ. ಸಾವಿತ್ರೆವ್ವ ಒಂಬತ್ತರ ಜೋಡಿಯನ್ನು ಮುಚ್ಚಿ ಒಗೆದಳು. ನೀಲಕ್ಕ ಹುರುಪಿನಲ್ಲಿ ಇದ್ದದ್ದೆಲ್ಲ ಹಾಕಿದಳು. ಎಕ್ಕಾ, ಗುಲಾಮ. ಅತ್ತೆ ತೆರೆದದ್ದು ರಾಜಾ ಜೋಡಿ. ಚಾಪೆಯ ಮೇಲೆ ನಾಲ್ಕು ಬಂತು, ಹತ್ತು ಬಂತು, ಕಡೆಗೆ ಕಳಾವರ ಒಂಬತ್ತು ಬಂದು ಸಾವಿತ್ರೆವ್ವನ ಮುಖವನ್ನೇ ನೋಡುತ್ತ ಮಲಗಿತು.

ಲವಂಗ ಎರಡು ತುಂಡಾಗಿ ನಾಲಿಗೆ ಭಗಭಗ ಉರಿಯಿತು. ಮೂರು ಒಂಬತ್ತು! ಆ ಗುಡ್ಡೆಯೆಲ್ಲ ತನ್ನದಾಗುತ್ತಿತ್ತು! ಕಣ್ಣಲ್ಲಿ ನೀರು ಬಂತು.

“ಯಾಕಬೇ ಅಳಾಕ ಹತ್ತಿ?” ಅತ್ತೆ ಕೇಳಿದಳು.

“ಲವಂಗರಿ ಅತ್ತಿ, ಖಾರ.”

ಒಳಗೊಳಗೆ ಆಕೆ ತನಗೆ ತಾನೇ ಹೇಳಿಕೊಂಡಳು: ಒಗೆದದ್ದು ಸರಿ. ಬಂದ ಎಲೆ ನೋಡಿ ಅಳುವುದಾದರೆ ದಿನಾ ಅಳಬೇಕಾಗುತ್ತದೆ. ಅತ್ತೆಯ ಹತ್ತಿರ ರಾಜಾ ಜೋಡಿ ಇತ್ತು, ತಾನು ಅದನ್ನು ಮೂಗಿನಿಂದಲೇ ಹಿಡಿದೆ. ಹಾಗೆ ಅಂದುಕೊಂಡದ್ದೇ ಆಕೆಗೆ ನಗೆ ಉಕ್ಕಿ ಬಂತು.

ನೀಲಕ್ಕ ಎದ್ದು ತೊಲೆಗೆ ಕಟ್ಟಿದ ಜೋಕಾಲಿಯಲ್ಲಿ ಕೂತು ಕಾಲು ಚಾಚಿದಳು. ಒಬ್ಬರು ಎದ್ದರೆ, ಪ್ರತಿ ಆಟಕ್ಕೂ ಎಲ್ಲರೂ ಮೊದಲೇ ಇಡಲೇಬೇಕಾದ ಕಾಯಿ ದುಪ್ಪಟ್ಟು, ಅದು ಪದ್ಧತಿ. ಭೀಮಾಬಾಯಿಗೆ ಆ ದುಪ್ಪಟ್ಟಿನ ಕಷ್ಟವೇ ಬರಲಿಲ್ಲ. ಕೈಯಲ್ಲಿ ಎರಡು ಎಕ್ಕಾ ಹಿಡಿದು, ಮುಖವೆಲ್ಲ ಬೆಳಕಾಗಿ, “ಈಗ ನೋಡ್ರಿ ನಂದು!” ಅಂತ ಶೇಂಗಾಕ್ಕೆ ಕೈ ಹಾಕಿದರೆ ಎದುರಿಗೆ ಇದ್ದದ್ದು ಸಿಪ್ಪೆಯ ರಾಶಿ.

“ಅಯ್ಯ! ನನ್ನವು ಎಲ್ಲಿ ಹೋದ್ವು?”

“ಹೊಟ್ಟ್ಯಾಗ ನೋಡ್ರಿ ಬಾಯಾರ,” ಅಂದಳು ನೀಲಕ್ಕ ಜೋಕಾಲಿಯಿಂದ.

“ಎರಡು ಎಕ್ಕಾ ಇದ್ದಾವಲ್ರೀ! ಸಾಲಾ ಕೊಡ್ರಿ!”

“ತಿಂದಾಕಿಗೆ ಸಾಲ ಇಲ್ಲ,” ಅಂದಳು ಶಿವಗಂಗವ್ವ. ಭೀಮಾಬಾಯಿ ಎರಡು ಎಕ್ಕಾಗಳನ್ನು ಎದೆಗೆ ಒತ್ತಿಕೊಂಡೇ ಹಿಂದೆ ಸರಿದಳು. ಆದರೆ ಚಾಪೆಯ ಅಂಚು ಬಿಡಲಿಲ್ಲ.

ಉಳಿದವರು ಅತ್ತೆ, ಸೊಸೆ. ಅತ್ತೆಯ ಮುಂದೆ ಗುಡ್ಡ. ಸೊಸೆಯ ಮುಂದೆ ಎರಡು ಬೊಗಸೆ. ಈಗ ಮೊದಲೇ ಇಡುವ ಕಾಯಿಯೇ ಹಿಡಿಯಷ್ಟಾಗಿತ್ತು. ಸುಮ್ಮನೆ ಎಲೆ ಒಗೆಯುತ್ತ ಕೂತರೆ ಕೂತಲ್ಲೇ ಕರಗಿ ಹೋಗುವ ಹೊತ್ತು.

ಬಂತು ಎಂಟರ ಜೋಡಿ. ಮಂದಿ ಇಲ್ಲ. ಮೊದಲ ಮಾತು ತನ್ನದೇ. ಸಾವಿತ್ರೆವ್ವ ಎರಡೂ ಕೈಯಿಂದ ಇದ್ದದ್ದೆಲ್ಲ ನೂಕಿದಳು. ಒಂದು ಕಾಯಿ ಕೂಡ ಹಿಂದೆ ಉಳಿಸಲಿಲ್ಲ.

“ಆಹಾ!” ಅತ್ತೆ ಬೊಚ್ಚುಬಾಯಿ ತೆರೆದು ನಕ್ಕಳು. “ಒಲಿ ಮುಂದ ಕೂಡ್ರಾಕ ಅವಸರ ಆಗೇತಿ ಅಕಿಗೆ. ನೋಡೇಬಿಡೂಣು.” ಆಕೆಯದು ರಾಜಾ, ಆರು. ಚಾಪೆಯ ಮೇಲೆ ಎರಡು, ಗುಲಾಮ, ಐದು. ಎಂಟರ ಜೋಡಿ ನಿಂತಿತು. ನೀಲಕ್ಕ ಜೋಕಾಲಿ ಜೀಕಿ ಕೇಕೆ ಹಾಕಿದಳು.

ಮುಂದಿನ ಆಟಕ್ಕೂ ಸಾವಿತ್ರೆವ್ವ ಮೊದಲು ನೂಕಿದಳು, ಅತ್ತೆ ಒಗೆದಳು. ಅದರ ಮುಂದಿನದಕ್ಕೂ ನೂಕಿದಳು, ಅತ್ತೆ ಎಲೆ ತಿರುಗಿಸಿ ತಿರುಗಿಸಿ ನೋಡಿ ಒಗೆದಳು. ಒಂದು ಸಲವಂತೂ ಸಾವಿತ್ರೆವ್ವನ ಕೈಯಲ್ಲಿ ಏನೂ ಇರಲಿಲ್ಲ, ಬರೀ ಎರಡು ಮತ್ತು ಏಳು. ಆದರೂ ನೂಕಿದಳು. ಅತ್ತೆ ಒಗೆದಳು. ಸಾವಿತ್ರೆವ್ವನಿಗೆ ತಲೆಗೆ ಗಾಳಿ ಹೊಕ್ಕ ಹಾಗೆ ಆಯಿತು. ಮದುವೆಯಾಗಿ ಬಂದ ದಿನದಿಂದ ಈ ಮನೆಯಲ್ಲಿ ಮೊದಲು ಬಾಯಿ ತೆರೆದವಳಲ್ಲ. ತೆರೆದರೆ ಇಷ್ಟು ಹಗುರ ಇರುತ್ತದೆಂದು ಯಾರಾದರೂ ಹೇಳಬಾರದಿತ್ತೇ? ಗುಡ್ಡ ಈಚೆಗೆ ಸರಿಯುತ್ತ ಸರಿಯುತ್ತ ಎರಡೂ ಕಡೆ ಸಮ ಆಯಿತು. ಸಾವಿತ್ರೆವ್ವನ ಕಡೆ ಒಂದು ಹಿಡಿ ಹೆಚ್ಚೇ.

ಶಿವಗಂಗವ್ವ ನಗುವುದನ್ನು ಬಿಟ್ಟಳು. ತಂಬಾಕಿನ ಚೀಲ ಬಾಜು ಇಟ್ಟಳು. ಸೊಸೆಯನ್ನು ಹಿಂದೆಂದೂ ನೋಡದ ಹಾಗೆ ನೋಡಿದಳು.

ಎಲೆ ಬಂದವು. ಸಾವಿತ್ರೆವ್ವ ಮೂಲೆ ಎತ್ತಿ ನೋಡಿದಳು. ಆಟೀನ ಏಳು. ಇಸ್ಪೀಟ ಏಳು.

ಈ ಸಲ ಮೊದಲ ಮಾತು ಅತ್ತೆಯದು. ಅತ್ತೆ ಏನಾದರೂ ಮೊದಲೇ ನೂಕಿಬಿಟ್ಟರೆ ಏಳರ ಜೋಡಿ ಹಿಡಿದು ಎದುರು ನಿಲ್ಲುವುದೋ ಒಗೆಯುವುದೋ? ಅತ್ತೆಯ ಕೈ ಗುಡ್ಡೆಯ ಮೇಲೆ ಹೋಯಿತು, ಒಂದು ಕಾಯಿ ಸವರಿತು, ಹಿಂದೆ ಬಂತು.

“ನೀನ ಹೇಳು. ಇವತ್ತ ಭಾಳ ಬಾಯಿ ಬಂದೈತಿ ನಿನಗ.”

ಸಾವಿತ್ರೆವ್ವ ಎಲ್ಲ ನೂಕಿದಳು. ನೂಕಿದ ರಭಸಕ್ಕೆ ಕೆಲವು ಕಾಯಿ ಉರುಳಿ ಅತ್ತೆಯ ಮಡಿಲಿಗೆ ಬಿದ್ದವು.

ಪಡಸಾಲೆಯಲ್ಲಿ ಚಾಪೆಯ ಅಂಚಿಗೆ ಉರುಳಿದ ಕಾಯಿಯನ್ನು ಭೀಮಾಬಾಯಿ ಅಗಿಯುವ ಸಪ್ಪಳ ಬಿಟ್ಟರೆ ಬೇರೆ ಸಪ್ಪಳವಿಲ್ಲ. ಅತ್ತೆ ಮುಂದೆ ಬಾಗಿ ಸೊಸೆಯ ಕಣ್ಣಲ್ಲಿ ಕಣ್ಣಿಟ್ಟಳು.

“ಖರೇ ಹೇಳು. ಏನೈತಿ ನಿನ್ನ ಹತ್ರ?”

“ಅಳ್ನಾವರ ಐತ್ರಿ ಅತ್ತಿ.”

ಶಿವಗಂಗವ್ವನ ಹುಬ್ಬು ಮೇಲೇರಿತು. ತಡವಾಗಿ, ಬಹಳ ತಡವಾಗಿ, ಆಕೆ ಇದ್ದದ್ದನ್ನೆಲ್ಲ ನೂಕಿದಳು. ನೂಕುವಾಗ ತಪ್ಪಿ ಆಕೆಯ ಕಡೆ ಉಳಿದದ್ದು ಒಂದೇ ಒಂದು ಕಾಯಿ. “ಹಂಗಾರ ನಂದು ಎಕ್ಕಾ, ರಾಣಿ. ತೆರೀಲೇ ನೀಲಾ!”

ನೀಲಕ್ಕ ಜೋಕಾಲಿಯಿಂದ ಹಾರಿ ಬಂದು ಚಾಪೆಯ ಮೇಲೆ ಮೊಣಕಾಲೂರಿದಳು. ಮೊದಲನೆಯದು ನಾಲ್ಕು. ಸಾವಿತ್ರೆವ್ವ ಉಸಿರು ಬಿಟ್ಟಳು. ಎರಡನೆಯದು ಚೌಕಟ ರಾಣಿ.

“ಬಂದಳ ನೋಡು ನಮ್ಮವ್ವ!” ಶಿವಗಂಗವ್ವ ತೊಡೆ ತಟ್ಟಿದಳು. “ರಾಣಿ ಜೋಡಿ! ಇಡಬೇ ನಾಳೆ ಹಂಚು, ತೆಳ್ಳಗ ಬಡಿ ರೊಟ್ಟಿ!”

ಸಾವಿತ್ರೆವ್ವನ ಕಣ್ಣ ಮುಂದೆ ರೈಲು ಕುಂದಗೋಳ ಬಿಟ್ಟು ಹೊರಟೇ ಹೋಯಿತು. ಆಕೆ ಕಣ್ಣು ಮುಚ್ಚಿದಳು. ಎಲೆ ಚಾಪೆಗೆ ತಾಗಿದ ಸಪ್ಪಳ ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಆಮೇಲೆ ನೀಲಕ್ಕ ಕೂಗಿದ ಕೂಗಿಗೆ ಹಿತ್ತಲಲ್ಲಿ ಎಮ್ಮೆ ಕೂಡ ಹೂಂಕರಿಸಿತು.

“ಏಳೂ! ಯವ್ವಾ, ಏಳೂ! ಮೂರು ಏಳು!”

ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಶೇಂಗಾದ ಗುಡ್ಡೆಯ ಮೇಲೆಯೇ ಉರುಳಿದರು. ಸಿಪ್ಪೆ ಪಟಪಟ ಒಡೆದವು. ಭೀಮಾಬಾಯಿ ಯಾಕೆಂದು ಗೊತ್ತಿಲ್ಲದೆ ತನ್ನ ಎರಡು ಎಕ್ಕಾ ಮೇಲೆತ್ತಿ ಬೀಸಿದಳು.

“ನಿಂದರ್ರಿ, ನಿಂದರ್ರಿ!” ಶಿವಗಂಗವ್ವ ಕೈ ಎತ್ತಿದಳು. “ನನ್ನ ಹತ್ರ ಇನ್ನೊಂದ ಕಾಯಿ ಐತಿ. ನಾ ಇನ್ನೂ ಸೋತಿಲ್ಲ.”

“ಆಯಿ, ಆಟಕ್ಕ ಕೂಡ್ರಾಕ ಒಂದ ಹಿಡಿ ಬೇಕು!”

“ಯಾರ ಹೇಳಿದ್ದು? ಒಂದ ಕಾಯಿದ್ರೂ ಆಟ ಆಟಾನ. ನಮ್ಮ ಅತ್ತಿ ಕಾಲಕ್ಕ…” ಅನ್ನುತ್ತ ಆಕೆ ಆ ಕಾಯಿಯನ್ನು ಚಾಪೆಯ ನಟ್ಟನಡುವೆ ಇಟ್ಟು, ಅತ್ತೆಯ ಕಾಲದ ಪದ್ಧತಿಯನ್ನು ಬೆರಳು ಮಡಿಚಿ ವಿವರಿಸತೊಡಗಿದಳು. ವಿವರಣೆ ಮುಗಿಯುವುದರೊಳಗೆ ಟಪ್ ಅಂತ ಸಪ್ಪಳವಾಯಿತು. ಎಲ್ಲರೂ ತಿರುಗಿ ನೋಡಿದರು. ಭೀಮಾಬಾಯಿಯ ಬಾಯಿ ಆಡುತ್ತಿತ್ತು. ಆಕೆಯ ಬೆರಳಲ್ಲಿ ಸಿಪ್ಪೆ ಇತ್ತು.

“ಏನಾತ್ರೀ? ಯಾಕ ಹಿಂಗ ನೋಡ್ತೀರಿ ನನ್ನ?”

ಶಿವಗಂಗವ್ವ ಆಕೆಯನ್ನು ನೋಡಿದಳು, ಸಿಪ್ಪೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು. ಮೊದಲು ಆಕೆಯ ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು, ಆಮೇಲೆ ಇಡೀ ಮೈ. ನಕ್ಕು ನಕ್ಕು ಕೆಮ್ಮು ಬಂದು, ನೀಲಕ್ಕ ಬೆನ್ನು ತಟ್ಟಬೇಕಾಯಿತು.

“ಆತವ್ವ. ಕೇಳು ನಿನ್ನ ಮಾತು.”

“ಅಳ್ನಾವರಕ್ಕ ಹೋಗತೀನ್ರಿ. ಜಮೀಲಾ ಸಾಕು ಅನ್ನೂತನಾ ಇದ್ದು ಬರತೀನಿ.”

“ನನ್ನ ರೊಟ್ಟಿ?”

“ನೀಲಾ ಇರತಾಳ, ನಾ ಬರೂತನಾ.”

“ಅಕಿ ರೊಟ್ಟಿ ಚಕ್ಕಡಿ ಗಾಲಿ ಇದ್ದಂಗ ಇರತಾವಬೇ!”

“ಹಾಲಿನ್ಯಾಗ ನೆನಸಿ ತಿನ್ರಿ.”

ಹೊಸಲಿನಾಚೆ ಮಳೆ ಹನಿಯುತ್ತಿತ್ತು. ಶಿವಗಂಗವ್ವ ಯಾರಿಗೂ ಅಲ್ಲದ ಹಾಗೆ ಗೋಡೆಯ ಕಡೆ ನೋಡುತ್ತ ಅಂದಳು: “ನಾನೂ ರೈಲು ಹತ್ತಿಲ್ಲ. ನಾನೂ ಬಂದ್ರ ಹ್ಯಾಂಗ?”

ನೀಲಕ್ಕ ತಾಯಿಯ ಮುಖ ನೋಡಿದಳು. ಇಂಥ ಹೊತ್ತಿನಲ್ಲಿ ತಾಯಿ ಏನನ್ನುತ್ತಾಳೆಂದು ಆಕೆಗೆ ಹುಟ್ಟಿದಾಗಿನಿಂದ ಗೊತ್ತು. ಹೂಂ ಅನ್ನುವ ಮಾತು ಸಾವಿತ್ರೆವ್ವನ ನಾಲಿಗೆಯ ತುದಿಯ ತನಕವೂ ಬಂತು. ಅತ್ತೆಯ ಮುಖ ಅಷ್ಟು ಸಣ್ಣದಾಗಿ ಕಂಡಿತು.

“ಈ ಸಲ ಬ್ಯಾಡ್ರಿ ಅತ್ತಿ,” ಅಂದಳು ಆಕೆ. “ಈ ಸಲ ನಾ ಒಬ್ಬಾಕೀನ ಹೋಗತೀನಿ. ನಿಮಗ ಬರಬೇಕಂದ್ರ ಮುಂದಿನ ಪಂಚಮಿಗೆ ಗೆದ್ದು ಬರ್ರಿ.”

ಭೀಮಾಬಾಯಿ ಅಗಿಯುವುದನ್ನೂ ಮರೆತಳು. ಶಿವಗಂಗವ್ವ ಸೊಸೆಯತ್ತ ತಿರುಗಿ ಕಣ್ಣು ಕಿರಿದು ಮಾಡಿದಳು.

“ಗೆಲ್ಲತೀನಲೇ! ಗೆದ್ದು, ಕಿಡಕಿ ಬಾಜು ನಾ ಕೂಡ್ರತೀನಿ, ನೀ ಬಾಗಲದಾಗ ನಿಂದ್ರು!”

“ನೋಡೂಣು,” ಅಂದಳು ಸಾವಿತ್ರೆವ್ವ. ಪಡಸಾಲೆಯೆಲ್ಲ ಮತ್ತೆ ನಗೆಯಲ್ಲಿ ಮುಳುಗಿತು.

ಸಂಜೆಗೆ ಸಾವಿತ್ರೆವ್ವನ ಗಂಡ ಈರಬಸಪ್ಪ ತನ್ನ ಆಟದಲ್ಲಿ ಸೋತು, ಮೋರೆ ಇಳಿಸಿಕೊಂಡು ಮನೆಗೆ ಬಂದ. ಸುದ್ದಿ ಕೇಳಿ ತಾಯಿಯ ಕಡೆ ನೋಡಿದ. “ನನ್ನ ಏನ ನೋಡತಿ? ಪಂಚಮಿ ಮಾತು,” ಅಂದಳು ತಾಯಿ. ಅವನು ರೈಲಿನ ವೇಳೆ ಕೇಳಿ ಬರುತ್ತೇನೆಂದ.

ಸಾವಿತ್ರೆವ್ವ ಟ್ರಂಕಿನಿಂದ ಇನ್‌ಲ್ಯಾಂಡ್ ತೆಗೆದು ಬಾಗಿಲ ಬೆಳಕಿಗೆ ಕೂತಳು. ಮಡಿಕೆಯಲ್ಲಿ ನೀಲಿ ಮಾಸಿತ್ತು. ಅತ್ತೆ ಮಂಚದ ಮೇಲಿಂದಲೇ ಹೇಳಿಕೊಡುತ್ತಿದ್ದಳು. “ನನ್ನ ಶರಣು ಬರಿ. ಈ ಹಾಳ ಆಟ ಕಲಸಿದ್ದಕ್ಕ ನಾ ಬೈದೀನಿ ಅಂತನೂ ಬರಿ. ಬರದ್ಯಾ?” “ಬರದೆ ಅತ್ತಿ,” ಅಂದಳು ಸಾವಿತ್ರೆವ್ವ. ಆಕೆ ಬರೆದದ್ದು ಇಷ್ಟೇ: “ಜಮೀಲಾ, ಈ ಕಾಗದ ಮುಟ್ಟಿದ ವಾರದೊಳಗ ನಾ ಬರತೀನಿ. ಒಬ್ಬಾಕೀನ ಬರತೀನಿ. ಠೇಸನ್ನಿಗೆ ಬಾ. ಏಳರ ಜೋಡಿ ಬಂದಿತ್ತು, ಉಳಿದದ್ದು ಮುಖಾಮುಖಿ.” ಜಾಗ ಉಳಿದಿತ್ತು. ಅತ್ತೆಯ ಶರಣು ಮತ್ತು ಬೈಗುಳ ಎರಡನ್ನೂ ಕೆಳಗೆ ಸೇರಿಸಿದಳು.

ಮರುದಿನ ಮುಂಜಾನೆ ಟಪಾಲಿನ ಮುದಕಪ್ಪ ಇನ್‌ಲ್ಯಾಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಯವ್ವಾ, ಇದು ಯಾವ ಕಾಲದ್ದು? ದರ ಏರೇತಿ. ಇನ್ನೊಂದ ತಿಕೀಟ ಹಚ್ಚಬೇಕು.”

“ಹಚ್ಚಪಾ. ಎರಡ ಹಚ್ಚಿದ್ರೂ ನಡೀತೈತಿ.”

ತಿಕೀಟು ತಾನೇ ನಾಲಿಗೆಗೆ ತಾಗಿಸಿ, ಹೆಬ್ಬೆರಳಿನಿಂದ ಒತ್ತಿ, ಕೆಂಪು ಡಬ್ಬಿಯ ಬಾಯಿಗೆ ಹಿಡಿದಳು. ಅರ್ಧ ಒಳಗೆ ಹೋದ ಕಾಗದ ಬೆರಳಿಗೆ ಅಂಟಿಕೊಂಡಂತೆ ಒಂದು ಚಣ ನಿಂತಿತು. ಸಾವಿತ್ರೆವ್ವ ಅದನ್ನು ಪೂರ್ತಿ ನೂಕಿದಳು. ಒಳಗೆ ಅದು ಬಿದ್ದ ಸಪ್ಪಳ ಕೇಳಿದ ಮೇಲೆಯೇ ಆಕೆ ಮನೆಯ ದಾರಿ ಹಿಡಿದಳು.